‘ಅಂದರೆ?’ ಮತ್ತು ‘ಅಲ್ಲ’: ಇಂಗ್ಲಿಷ್ ಗುಂಪುಚರ್ಚೆಯ ಬೋಧನೆ ಕುರಿತ ಒಂದು ವಿಮರ್ಶೆ

ಇಂಗ್ಲಿಷ್ ಗುಂಪುಚರ್ಚೆಯನ್ನು ಕಲಿಸುವ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ. ಒಂದು, ವಿವರಣೆ ಕೇಳುವ ವಾಕ್ಯಗಳದು: ‘ಕುಡ್ ಯು ಕ್ಲಾರಿಫೈ ದಟ್?’ ಇತ್ಯಾದಿ. ಇನ್ನೊಂದು, ಸೌಜನ್ಯದಿಂದ ಭಿನ್ನಮತ ಸೂಚಿಸುವ ವಾಕ್ಯಗಳದು: ‘ಐ ಸೀ ಯುವರ್ ಪಾಯಿಂಟ್, ಬಟ್’ ಇತ್ಯಾದಿ. ಈ ಪಟ್ಟಿಗಳು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. ಅವುಗಳ ಹಿಂದಿರುವ ಎರಡು ಗ್ರಹಿಕೆಗಳನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇವೆ. ವಿವರಣೆ ಕೇಳುವುದೂ ಭಿನ್ನಮತ ಹೇಳುವುದೂ ಬೇರೆಬೇರೆ ಮಾತಿನ ಕ್ರಿಯೆಗಳು ಎಂಬುದು ಮೊದಲನೆಯ ಗ್ರಹಿಕೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇವೆರಡೂ ಹೊಸವು, ಇಂಗ್ಲಿಷೇ ಅವನ್ನು ಒದಗಿಸಬೇಕು ಎಂಬುದು ಎರಡನೆಯದು. ಪರಿಶೀಲನೆಗೆ ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಸೀಮೆಯ ಮಲೆನಾಡ ಕನ್ನಡವನ್ನು ಎದುರಿಗಿಟ್ಟುಕೊಂಡಿದ್ದೇವೆ. ಉದಾಹರಣೆಗಳು ಭಾಷಾಪ್ರಜ್ಞೆಯನ್ನು ಆಧರಿಸಿ ನಾವೇ ರಚಿಸಿದವು.

ಮೊದಲನೆಯ ಗ್ರಹಿಕೆಯನ್ನು ಸಂಭಾಷಣಾ ವಿಶ್ಲೇಷಣೆ ಬಹಳ ಹಿಂದೆಯೇ ಸಡಿಲಿಸಿದೆ. ಶೆಗ್ಲಾಫ್, ಜೆಫರ್ಸನ್ ಮತ್ತು ಸ್ಯಾಕ್ಸ್ 1977ರ ಲೇಖನದಲ್ಲಿ, ಕೇಳುಗನು ಆರಂಭಿಸುವ ಸರಿಪಡಿಕೆಯು ಮುಂಬರುವ ಭಿನ್ನಮತದ ಮುನ್ಸೂಚನೆಯೂ ಆಗಬಲ್ಲದೆಂದು ಗುರುತಿಸಿದರು. ಭಿನ್ನಮತವು ಸಾಮಾನ್ಯವಾಗಿ ತಡವಾಗಿ, ಪೀಠಿಕೆಯೊಡನೆ, ಮೃದುವಾಗಿ ಬರುತ್ತದೆಂದು ಪೊಮರಾಂಟ್ಸ್ 1984ರಲ್ಲಿ ತೋರಿಸಿದರು. ವಿವರಣೆಯ ಕೋರಿಕೆ ಈ ತಡಮಾಡುವಿಕೆಯ ಒಂದು ಸಾಧನ. ‘ನಿಮ್ಮ ಮಾತನ್ನು ನೀವೇ ತಿದ್ದಿಕೊಳ್ಳಲು ಅವಕಾಶ ಕೊಡುತ್ತಿದ್ದೇನೆ’ ಎಂಬ ಸೂಚನೆ ಅದರೊಳಗಿರುತ್ತದೆ. ಹೀಗಿರುವಾಗ ಎರಡನ್ನೂ ಎರಡು ಅಧ್ಯಾಯಗಳಲ್ಲಿ ಬೇರ್ಪಡಿಸಿ ಕಲಿಸಿದರೆ, ಒಂದರಿಂದ ಇನ್ನೊಂದಕ್ಕೆ ದಾಟುವ ಬಗೆಯನ್ನು ವಿದ್ಯಾರ್ಥಿ ಕಲಿಯುವುದೇ ಇಲ್ಲ.

ಎರಡನೆಯ ಗ್ರಹಿಕೆಗೆ ಬರೋಣ. ಅಡಿಕೆ ತೋಟದ ಕೊಳೆರೋಗದ ಬಗ್ಗೆ ನಡೆಯಬಹುದಾದ ಈ ಮಾತುಕತೆಯನ್ನು ಗಮನಿಸಬಹುದು:

ಅ: ಈ ಸಲ ಎರಡು ಸಲ ಔಷಧಿ ಹೊಡೆದ್ರೆ ಸಾಕು.
ಆ: ಎರಡು ಸಲ ಅಂದ್ರೆ?
ಅ: ಮಳೆ ಹಿಡಿಯೋ ಮುಂಚೆ ಒಂದು, ಆಮೇಲೊಂದು.
ಆ: ಅಲ್ಲ ಮಾರಾಯ್ರೆ, ನೀವು ಹೇಳೋದು ಹೌದು. ಮಳೆ ಬಿಡದೇ ಇದ್ರೆ?

‘ಅಂದ್ರೆ’ ಎಂಬುದು ‘ಅನ್ನು’ ಧಾತುವಿನ ಪಕ್ಷಾರ್ಥಕ ರೂಪ. ಕೇಳುಗನು ‘ಏನು?’ ಎಂದು ಇಡೀ ಮಾತನ್ನು ಮತ್ತೆ ಕೇಳದೆ, ತೊಡಕಿನ ಜಾಗವನ್ನಷ್ಟೇ ಎತ್ತಿಕೊಂಡಿದ್ದಾನೆ. ಡಿಂಗೆಮಾನ್ಸೆ ಮತ್ತು ಸಂಗಡಿಗರು 12 ಭಾಷೆಗಳನ್ನು ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಕೇಳುಗರು ಸಾಧ್ಯವಾದಷ್ಟು ನಿರ್ದಿಷ್ಟವಾದ ಸರಿಪಡಿಕೆಯ ರೂಪವನ್ನೇ ಆಯ್ದುಕೊಳ್ಳುತ್ತಾರೆ ಎಂದು ಹೇಳುತ್ತದೆ. ಆ 12ರಲ್ಲಿ ದ್ರಾವಿಡ ಭಾಷೆ ಒಂದೂ ಇಲ್ಲ. ಆದರೆ ನಮ್ಮ ಉದಾಹರಣೆಯ ‘ಅಂದ್ರೆ?’ ಆ ತತ್ತ್ವಕ್ಕೆ ಚೆನ್ನಾಗಿ ಹೊಂದುತ್ತದೆ. ಕೊನೆಯ ಸರದಿಯಲ್ಲಿ ಭಿನ್ನಮತವೂ ಅದೇ ಪಕ್ಷಾರ್ಥಕ ರೂಪದಲ್ಲಿ, ಪ್ರಶ್ನೆಯಾಗಿ ಬಂದಿದೆ. ಅಂದರೆ ಕೈಪಿಡಿಗಳು ಕಲಿಸಹೊರಟ ಕೌಶಲ ಇಲ್ಲಿ ಆಗಲೇ ಇದೆ.

ಹಾಗಾದರೆ ತೊಡಕು ಎಲ್ಲಿ? ಇಲ್ಲಿನ ‘ಅಲ್ಲ’ ನಿಷೇಧವಾಚಿಯಲ್ಲ. ಅದರ ಬೆನ್ನಿಗೇ ‘ಹೌದು’ ಬಂದಿರುವುದೇ ಇದಕ್ಕೆ ಆಧಾರ. ಅದು ಸರದಿಯನ್ನು ಕೈಗೆತ್ತಿಕೊಳ್ಳುವ ಗುರುತು. ಇದೇ ವಾಕ್ಯ ‘ನೋ ಸರ್, ವಾಟ್ ಯು ಸೇ ಈಸ್ ಕರೆಕ್ಟ್’ ಎಂದಾದಾಗ ಮೃದುತ್ವ ಕಳೆದುಹೋಗಿ, ಕೇಳುವವರಿಗೆ ನಿರಾಕರಣೆಯೋ ಗೊಂದಲವೋ ಆಗಿ ತೋರುತ್ತದೆ. ‘ಐ ಹ್ಯಾವ್ ಎ ಡೌಟ್’ ಎಂಬುದರ ಗತಿಯೂ ಇದೇ. ಭಾರತೀಯ ಇಂಗ್ಲಿಷಿನಲ್ಲಿ ಅದು ‘ಒಂದು ಪ್ರಶ್ನೆಯಿದೆ’ ಎಂಬ ವಿನಯದ ಮಾತು. ಬೇರೆ ಇಂಗ್ಲಿಷುಗಳ ಕಿವಿಗೆ ಅದು ‘ನಿಮ್ಮ ಮಾತನ್ನು ನಾನು ನಂಬಲಾರೆ’ ಎಂದು ಕೇಳಿಸಬಹುದು. ವಿವರಣೆಯ ಕೋರಿಕೆಯೊಂದು ಭಿನ್ನಮತವಾಗಿಬಿಡುವುದು ಹೀಗೆ. ಜೆನ್ನಿ ಥಾಮಸ್ 1983ರಲ್ಲಿ ಗುರುತಿಸಿದ ಎರಡು ಬಗೆಯ ಸೋಲುಗಳಲ್ಲಿ ಇದು ಮೊದಲನೆಯದು: ಉದ್ದೇಶ ಸರಿಯಿದೆ, ಅದನ್ನು ಹೊತ್ತ ರೂಪ ದಾರಿ ತಪ್ಪಿದೆ.

ಥಾಮಸರ ಎರಡನೆಯ ಬಗೆ ಸಾಮಾಜಿಕವಾದದ್ದು. ಅದನ್ನು ಕಡೆಗಣಿಸಿದರೆ ನಮ್ಮ ವಾದವೂ ಊರಿನ ಹೊಗಳಿಕೆಯಾಗಿಬಿಡುತ್ತದೆ. ವೇಷ, ಕುಣಿತಗಳಿಲ್ಲದೆ ಕುಳಿತು ಎದುರಾಳಿಯ ಮಾತನ್ನೇ ಹಿಡಿದು ಉತ್ತರಿಸುವ ತಾಳಮದ್ದಲೆ, 1951ರ ಕಾಗೋಡು ಸತ್ಯಾಗ್ರಹ, ಇವೆಲ್ಲ ಈ ಸೀಮೆಯ ವಾದಪರಂಪರೆಗೆ ಸಾಕ್ಷಿಗಳೆಂದು ಉಲ್ಲೇಖಿಸುವುದು ಸುಲಭ. ಆದರೆ ತಾಳಮದ್ದಲೆಯಲ್ಲಿ ಎದುರು ಮಾತನಾಡುವ ಅಧಿಕಾರವನ್ನು ಅರ್ಥಧಾರಿಗೆ ಪಾತ್ರವೇ ಕೊಡುತ್ತದೆ. ಕಾಗೋಡಿನಲ್ಲಿ ಗೇಣಿದಾರರು ಆ ಅಧಿಕಾರಕ್ಕಾಗಿಯೇ ಹೋರಾಡಬೇಕಾಯಿತು. ಯಾರನ್ನು ಯಾರು ‘ಅಂದ್ರೆ?’ ಎಂದು ಕೇಳಬಹುದು ಎಂಬುದನ್ನು ವಯಸ್ಸು, ಜಾತಿ, ಲಿಂಗಗಳು ಇಂದಿಗೂ ನಿಯಂತ್ರಿಸುತ್ತವೆ. ತರಗತಿಯಲ್ಲಿ ಸುಮ್ಮನಿರುವ ವಿದ್ಯಾರ್ಥಿನಿಗೆ ಪದಪುಂಜದ ಕೊರತೆಯೇ ಇದೆಯೆಂದು ತೀರ್ಮಾನಿಸುವ ಮೊದಲು ಇದನ್ನು ನೆನೆಯಬೇಕು.

ಮೌಲ್ಯಮಾಪನದ ಕ್ರಮ ಈ ಮೌನವನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಸಂಪರ್ಕಭಾಷೆಯಾಗಿ ಇಂಗ್ಲಿಷ್ ಬಳಸುವವರು ಅರ್ಥವಾಗದ್ದನ್ನು ಎಷ್ಟೋ ಸಲ ಕೇಳದೆ ಮುಂದೆ ಸಾಗಲು ಬಿಡುತ್ತಾರೆಂದು ಫರ್ತ್ 1996ರಲ್ಲಿ ವ್ಯಾಪಾರದ ದೂರವಾಣಿ ಕರೆಗಳನ್ನು ಆಧರಿಸಿ ತೋರಿಸಿದರು. ಆ ಕರೆಗಳಲ್ಲಿ ಅದು ಇಬ್ಬರಿಗೂ ಒಪ್ಪಿತವಾದ ಸಹಕಾರ. ನೇಮಕಾತಿಯ ಗುಂಪುಚರ್ಚೆಯಲ್ಲಾದರೋ, ಸುಮ್ಮನಿದ್ದವರು ಅಂಕ ಕಳೆದುಕೊಳ್ಳುತ್ತಾರೆ. ಪ್ರಶ್ನೆ ಕೇಳಿದವರು ಅಜ್ಞಾನ ತೋರಿಸಿಕೊಂಡೆವೆಂದು ಅಳುಕುತ್ತಾರೆ. ಸಣ್ಣ ಊರಿನಿಂದ ಬಂದವರ ಮೊದಲ ಉದ್ಯೋಗ ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಆದ್ದರಿಂದ ನಮ್ಮ ಸಲಹೆ ಮೂರು. ವಿವರಣೆಯ ಕೋರಿಕೆ ಮತ್ತು ಭಿನ್ನಮತಗಳನ್ನು ಒಂದೇ ಸರಣಿಯ ಹಂತಗಳಾಗಿ ಕಲಿಸಬೇಕು. ವಿದ್ಯಾರ್ಥಿಗಳ ಮನೆಮಾತಿನ ಚರ್ಚೆಯನ್ನು ಮೊದಲು ಧ್ವನಿಮುದ್ರಿಸಿ, ಅದರಲ್ಲಿರುವ ‘ಅಂದ್ರೆ’, ‘ಅಲ್ಲ’ಗಳ ಕೆಲಸವನ್ನು ಅವರಿಂದಲೇ ಗುರುತಿಸಿ, ಆಮೇಲೆ ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವ ರೂಪಗಳನ್ನು ಹುಡುಕಬೇಕು. ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೂ ಅಂಕವಿರಬೇಕು. ಕೊನೆಯದು ಭಾಷಾವಿಜ್ಞಾನಿಗಳ ಕೈಯಲ್ಲಿಲ್ಲ ಎನ್ನಬಹುದು. ಆದರೆ ನಮ್ಮ ತರಗತಿಯ ಆಂತರಿಕ ಅಂಕಗಳು ನಮ್ಮ ಕೈಯಲ್ಲಿಯೇ ಇವೆ.