ಗಾಡಿ ಎಳೆಯದಿದ್ದರೆ ಗಾಳಿಯದೇ ತಪ್ಪೇ?

ಕಲಾಸಿಪಾಳ್ಯದಿಂದ ಹೊರಟ ಹಳೆಯ ಡೀಸೆಲ್ ಬಸ್ಸೊಂದು ಏರಿನಲ್ಲಿ ಏದುಸಿರು ಬಿಡುತ್ತದೆ. 'ಬೆಂಗಳೂರು ಎತ್ತರದ ಊರು, ಗಾಳಿ ತೆಳು' ಎಂಬ ವಿವರಣೆ ಸುಲಭವಾಗಿ ಸಿಗುತ್ತದೆ. ಇದು ಸುಳ್ಳಲ್ಲ, ಆದರೆ ಇದರಲ್ಲಿ ಅಳತೆಯಿಲ್ಲ. ತರಗತಿಯಲ್ಲೂ ನಾವು ನಾಲ್ಕು ಸ್ಟ್ರೋಕ್‌ಗಳ ಚಿತ್ರ ಬರೆಸಿ ಪಾಠ ಮುಗಿಸುತ್ತೇವೆ. ಅಳೆಯುವ ಗೋಜಿಗೆ ಹೋಗುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ನೀವೇ ಲೆಕ್ಕ ಹಾಕಿ. ಬೆಂಗಳೂರಿನ ಎತ್ತರ ಸುಮಾರು 920 ಮೀಟರ್. ಇಲ್ಲಿ ವಾಯುಒತ್ತಡ ಕಡಲತೀರದ ಮಂಗಳೂರಿಗಿಂತ ನೂರಕ್ಕೆ 10ರಷ್ಟು ಕಡಿಮೆ. ಮಂಗಳೂರಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ತಾಪದ ಒಂದು ಘನಮೀಟರ್ ಗಾಳಿ ಸುಮಾರು 1.16 ಕಿಲೋಗ್ರಾಂ ತೂಗಿದರೆ, ಇಲ್ಲಿ 25 ಡಿಗ್ರಿಯಲ್ಲಿ 1.06. ನಮ್ಮ ತಂಪು ಹವೆ ಕಳೆದದ್ದರಲ್ಲಿ ಚೂರು ಮರಳಿಸುತ್ತದೆ! ಒಂದು ಕಿಲೋಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಆದ್ದರಿಂದ ಟರ್ಬೊ ಇಲ್ಲದ ಎಂಜಿನ್ ಗರಿಷ್ಠ ಶಕ್ತಿಯಲ್ಲಿ ಕಳೆದುಕೊಳ್ಳುವುದು ಹತ್ತರಲ್ಲೊಂದು ಪಾಲಿನಷ್ಟು. ಟರ್ಬೊ ಇದ್ದರೆ ಇನ್ನೂ ಕಡಿಮೆ. ಈ ನಷ್ಟ ಹೊಸ ಎಂಜಿನ್ನಿಗೂ ಹಳೆಯದಕ್ಕೂ ಒಂದೇ.

ಸವೆತದ ಕಥೆ ಬೇರೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಅದುಮಿ ಬಂದ ಬಿಸಿಯೇ ಇಂಧನವನ್ನು ಹೊತ್ತಿಸಬೇಕು. ಸಂಪೀಡನ ಅನುಪಾತ 17 ಇದ್ದರೆ 27 ಡಿಗ್ರಿಯ ಗಾಳಿ, ಆದರ್ಶ ಲೆಕ್ಕದಲ್ಲಿ, 650 ಡಿಗ್ರಿ ದಾಟುತ್ತದೆ. ಈ ಲೆಕ್ಕದಲ್ಲಿ ಹೊರಗಿನ ಒತ್ತಡ ಬರುವುದೇ ಇಲ್ಲ, ಗಮನಿಸಿ! ಪಿಸ್ಟನ್ ರಿಂಗು, ಲೈನರು ಸವೆದರೆ ಮಾತ್ರ ಗಾಳಿ ಸಂದಿಯಲ್ಲಿ ಸೋರಿ, ಒತ್ತಡವೂ ತಾಪವೂ ಎರಡೂ ಇಳಿಯುತ್ತವೆ. ನಿಧಾನವಾಗಿ ತಿರುಗುವಾಗ ಸೋರಲು ಹೆಚ್ಚು ಸಮಯ. ಹಾಗಾಗಿ ಸವೆದ ಎಂಜಿನ್ ಮುಂಜಾನೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಎಣ್ಣೆ ಉರಿದ ನೀಲಿ ಹೊಗೆಯೂ ಬರಬಹುದು. ಇವನ್ನು ಬೆಂಗಳೂರಿನ ಎತ್ತರದ ಮೇಲೆ ಹೊರಿಸುವುದು ಅನ್ಯಾಯ.

ತಪ್ಪು ವಿವರಣೆಯಿಂದ ತಪ್ಪು ಚಿಕಿತ್ಸೆ. ಎಳೆತ ಸಾಲದೆಂದು ಪಂಪಿನಲ್ಲಿ ಡೀಸೆಲ್ ಹೆಚ್ಚಿಸುವವರಿದ್ದಾರೆ. ಗಾಳಿಯೇ ಸಾಲದಿರುವಾಗ ಹೆಚ್ಚಿನ ಇಂಧನ ಅರೆಬೆಂದು ಕಪ್ಪು ಹೊಗೆಯಾಗುತ್ತದೆ. ಮಸಿ ಎಣ್ಣೆಗಿಳಿದು ಸವೆತವನ್ನು ಇನ್ನಷ್ಟು ಬೆಳೆಸುತ್ತದೆ. ಆ ಹೊಗೆ ಕುಡಿಯುವವರು ನಿಲ್ದಾಣದಲ್ಲಿ ನಿಂತ ನಾವು ನೀವು. ಕಟ್ಟಿಕೊಂಡ ಏರ್ ಫಿಲ್ಟರ್ ಕೂಡ ಇದೇ ಕಪ್ಪು ಹೊಗೆ ಕೊಡುತ್ತದೆ. ಮೊದಲು ನೋಡಬೇಕಾದದ್ದು ಅದನ್ನೇ.

ಶಿಕ್ಷಕರು ಮುಂದಿನ ಪರೀಕ್ಷೆಯಲ್ಲಿ ಹೀಗೆ ಕೇಳಿ ನೋಡಬಹುದು: ಬೆಂಗಳೂರಿನಲ್ಲಿ ಎಳೆಯದ ಬಸ್ಸು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದ ಮೇಲೂ ಎಳೆಯದಿದ್ದರೆ, ದೋಷ ಎಲ್ಲಿದೆ?