ಗೋಡೆ ಹೇಳುವ ಪಾಠ

ಬೀದರಿನ ಮಹಮೂದ್ ಗಾವಾನ್ ಮದರಸಾವನ್ನು ಹೊಗಳುವ ನಾವು ಅದರಿಂದ ಕಲಿತದ್ದೇನು? 1472ರ ಆ ಕಟ್ಟಡದ ಒಂದು ಭಾಗ 1696ರ ಸಿಡಿಮದ್ದಿನ ಸ್ಫೋಟದಲ್ಲಿ ಕುಸಿಯಿತು. ಉಳಿದದ್ದು ಕಲ್ಲು ಮತ್ತು ಸುಣ್ಣದ ಗಾರೆಯ ಬಲದಿಂದ ನಿಂತಿದೆ.

ಕಮಠಾಣದ ಕಡೆ ಹಳೆಯ ಮನೆ, ಮಸೀದಿಗಳ ಗೋಡೆಗೆ ಈಗ ಸಿಮೆಂಟ್ ಬಳಿಯುತ್ತೇವೆ. ಸುಣ್ಣ ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ಒಳಗೇ ತಡೆಯುತ್ತದೆ. ಕೆಲವು ಮಳೆಗಾಲಗಳಲ್ಲೇ ಗೋಡೆ ಉಪ್ಪೇರಿ ಉದುರುತ್ತದೆ.

ತಪ್ಪು ಮೇಸ್ತ್ರಿಯದಷ್ಟೇ ಅಲ್ಲ. ನಕ್ಷೆಗೆ ಸಹಿ ಹಾಕುವ ಎಷ್ಟೋ ಮಂದಿ ಪದವಿಯ ದಿನವೇ ಪುಸ್ತಕ ಮುಚ್ಚಿದವರು. ನಮ್ಮ 1972ರ ವಾಸ್ತುಶಿಲ್ಪಿಗಳ ಕಾಯ್ದೆ ನೋಂದಣಿ ನವೀಕರಣಕ್ಕೆ ಶುಲ್ಕ ಕೇಳುತ್ತದೆ, ಹೊಸ ಕಲಿಕೆಯನ್ನಲ್ಲ. ಬ್ರಿಟನ್ನಿನ ರಾಯಲ್ ಇನ್‌ಸ್ಟಿಟ್ಯೂಟಿನ ವಾಸ್ತುಶಿಲ್ಪಿಗಳು ವರ್ಷಕ್ಕೆ 35 ಗಂಟೆ ಕಲಿಯಬೇಕು. ನಮ್ಮವರು ಅಷ್ಟರಲ್ಲಿ ಕೆಲವು ಗಂಟೆಯನ್ನಾದರೂ ಸುಣ್ಣ ಅರೆಯಬಲ್ಲ ಮುದುಕ ಮೇಸ್ತ್ರಿಯ ಪಕ್ಕ ಕೂತು ಕಳೆಯಲಿ. ಆತ ಹೋದ ಮೇಲೆ ಕೇಳಲು ಯಾರಿರುತ್ತಾರೆ?