ಬಾಗಿಲಲ್ಲಿ ನಿಂತ ಜಂಗಮ: ಬಸವಣ್ಣನವರ ಪೂಜಾಸಮಯವನ್ನು ಕುರಿತು ಒಂದು ವಿಚಾರ

ಶಿವಶರಣರು ಕಾಯಕಕ್ಕೆ ಹಿರಿಯ ಸ್ಥಾನವನ್ನು ಕೊಟ್ಟರೆಂಬುದು ಸರ್ವವಿದಿತವಾದ ಸಂಗತಿ. ಈ ಸಂಗತಿಯಿಂದ ಇನ್ನೊಂದು ಮಾತನ್ನು ಊಹಿಸಿ, ಅದನ್ನು ಸಿದ್ಧಾಂತವೆಂಬಂತೆ ಪಾಠಹೇಳುವ ವಾಡಿಕೆಯು ನಮ್ಮಲ್ಲಿ ಬೆಳೆದಿದೆ. ಶರಣರು ದುಡಿಮೆಯನ್ನೇ ಪೂಜೆಯ ಸ್ಥಾನದಲ್ಲಿರಿಸಿದರು, ಮೌನವಾಗಿ ಕುಳಿತು ದೇವರನ್ನು ನೆನೆಯುವ ಹೊತ್ತನ್ನು ಅವರು ಅನಾವಶ್ಯಕವೆಂದೆಣಿಸಿದರು ಎಂಬುದೇ ಆ ಮಾತು. ಇದಕ್ಕೆ ಆಧಾರವಾಗಿ ಸಾಮಾನ್ಯವಾಗಿ ತೋರಿಸುವುದು ಶೂನ್ಯಸಂಪಾದನೆಯ ಒಂದು ಪ್ರಸಂಗವನ್ನು. ಆ ಪ್ರಸಂಗವು ಇಂತಹ ಅರ್ಥವನ್ನು ಕೊಡುವುದೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಸಂಗವು ಹೀಗಿದೆ. ಅಲ್ಲಮಪ್ರಭುಗಳು ಸಿದ್ಧರಾಮರನ್ನು ಕೂಡಿಕೊಂಡು ಕಲ್ಯಾಣಕ್ಕೆ ಬಂದು ಬಸವಣ್ಣನವರ ಮಹಾಮನೆಯ ಬಾಗಿಲಲ್ಲಿ ನಿಲ್ಲುವರು. ಆ ಹೊತ್ತಿನಲ್ಲಿ ಬಸವಣ್ಣನವರು ಒಳಗೆ ಲಿಂಗಪೂಜೆಯಲ್ಲಿ ತೊಡಗಿರುವರು. ಪೂಜೆಯಿಂದ ಏಳದೆ, ಪ್ರಭುಗಳನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸುವರು. ಪ್ರಭುಗಳು ಒಳಕ್ಕೆ ಬರಲೊಲ್ಲರು. ಜಂಗಮವು ಹೊರಗೆ ಕಾದು ನಿಂತಿರಲು ಒಳಗೆ ನಡೆಯುವ ಪೂಜೆಯು ಯಾರಿಗೆ ಸಲ್ಲುವುದೆಂಬ ಪ್ರಶ್ನೆ ಏಳುವುದು. ಕಡೆಗೆ ಬಸವಣ್ಣನವರೇ ಹೊರಗೆ ಬಂದು, ತಮ್ಮ ತಪ್ಪನ್ನೊಪ್ಪಿಕೊಂಡು, ಪ್ರಭುಗಳ ಪಾದಕ್ಕೆರಗಿ ಅವರನ್ನು ಒಳಗೆ ಕರೆದೊಯ್ಯುವರು.

ಮೇಲುನೋಟಕ್ಕೆ ಇಲ್ಲಿ ಪೂಜೆಗೆ ಸೋಲಾಯಿತೆಂದು ತೋರುವುದು ಸಹಜ. ಆದರೆ ತಪ್ಪು ಯಾವುದೆಂಬುದನ್ನು ವಾಚಕರು ಸೂಕ್ಷ್ಮವಾಗಿ ನೋಡಬೇಕು. ಪೂಜೆಗೆ ಕುಳಿತದ್ದು ಇಲ್ಲಿ ತಪ್ಪೆನಿಸಿಲ್ಲ. ಒಳಗಿರುವ ಲಿಂಗವು ಬೇರೆ, ಹೊರಗೆ ನಿಂತ ಜಂಗಮವು ಬೇರೆ ಎಂಬ ಭೇದವೂ, ತಾನು ಪೂಜಿಸುತ್ತಿರುವೆನೆಂಬ ಅಹಂಭಾವವೂ ಅರಿಯದಂತೆ ಮನಸ್ಸಿನಲ್ಲಿ ನುಸುಳಿರುವುದು ತಪ್ಪು. ಪ್ರಭುಗಳ ಪರೀಕ್ಷೆಯು ಈ ಭೇದವನ್ನು ಕುರಿತದ್ದಲ್ಲದೆ ಪೂಜಾಸಮಯವನ್ನು ಕುರಿತದ್ದಲ್ಲ. ಈ ಪ್ರಸಂಗವಾದ ಬಳಿಕ ಬಸವಣ್ಣನವರು ಲಿಂಗಾರ್ಚನೆಯನ್ನು ಬಿಟ್ಟರೆಂದು ಕೃತಿಯು ಎಲ್ಲಿಯೂ ಹೇಳುವುದಿಲ್ಲ.

ಪರೀಕ್ಷಕರ ಪೂರ್ವಕಥೆಯನ್ನು ನೆನೆದರೆ ಈ ಅರ್ಥವು ಇನ್ನಷ್ಟು ದೃಢವಾಗುತ್ತದೆ. ಹರಿಹರನ ಪ್ರಭುದೇವರ ರಗಳೆಯಲ್ಲಿ, ಕಾಮಲತೆಯನ್ನು ಕಳೆದುಕೊಂಡು ಶೋಕಾಕುಲನಾದ ಅಲ್ಲಮನು ಒಂದೆಡೆ ನೆಲವನ್ನು ಕೆದಕುತ್ತಿರಲು ಹುದುಗಿದ್ದ ದೇಗುಲದ ಕಳಸವು ಕಾಣಿಸುವುದು. ಆ ಗುಡಿಯ ಕದವನ್ನು ತೆರೆದು ಒಳಹೊಕ್ಕರೆ, ಅಲ್ಲಿ ಅನಿಮಿಷಯ್ಯನು ಕರಸ್ಥಲದ ಲಿಂಗದಲ್ಲಿ ದೃಷ್ಟಿಯನ್ನು ನೆಟ್ಟು ಕುಳಿತಿರುವನು. ಆತನು ಮಾತನಾಡಲಿಲ್ಲ, ಉಪದೇಶಿಸಲಿಲ್ಲ. ಆ ಕೈಯಲ್ಲಿದ್ದ ಲಿಂಗವು ಅಲ್ಲಮನ ಕೈಗೆ ಬಂದಿತು, ಬಾಳು ಬದಲಾಯಿತು. ಲೋಕದಿಂದ ಮರೆಯಾಗಿ ಕುಳಿತ ಒಬ್ಬ ಮೌನಿಯಿಂದ ಜ್ಞಾನವನ್ನು ಪಡೆದವರೇ ಮಹಾಮನೆಯ ಬಾಗಿಲಲ್ಲಿ ನಿಂತ ಪ್ರಭುಗಳು. ಅನಿಮಿಷಯ್ಯನ ವೃತ್ತಾಂತವನ್ನು ಶೂನ್ಯಸಂಪಾದನೆಯೂ ಬಲ್ಲದು. ಅಂಥವರು ಮೌನಧ್ಯಾನವನ್ನು ಹಗುರವಾಗಿ ಕಂಡರೆಂಬುದು ಒಪ್ಪತಕ್ಕ ಮಾತಲ್ಲ. ಅಂದು ಕದ ತೆರೆದೊಡನೆ ಕಂಡ ಪೂರ್ಣತೆಯನ್ನೇ ಅವರು ಕಲ್ಯಾಣದ ಬಾಗಿಲಲ್ಲಿಯೂ ನಿರೀಕ್ಷಿಸಿದರೆಂದು ಹೇಳುವುದು ಹೆಚ್ಚು ಯುಕ್ತ.

ಇನ್ನು ಬಸವಣ್ಣನವರ ಕಡೆಯಿಂದ ವಿಚಾರಿಸೋಣ. ಹರಿಹರನ ಬಸವರಾಜದೇವರ ರಗಳೆಯು ಈ ವಿಷಯಕ್ಕೆ ಬಹಳ ಉಪಯುಕ್ತವಾಗಿದೆ. ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಷೇತ್ರದಲ್ಲಿ ತರುಣ ಬಸವನು ಸಂಗಮನಾಥನನ್ನು ಅರ್ಚಿಸುವ ಬಗೆಯನ್ನು ಹರಿಹರನು ಮನದಣಿಯೆ ವರ್ಣಿಸುತ್ತಾನೆ. ಆ ಭಾಗದಲ್ಲಿ ಕಾಲವು ನಿಂತಂತೆ ತೋರುತ್ತದೆ. ಪೂಜಿಸುವವನಿಗೂ ಅವಸರವಿಲ್ಲ, ವರ್ಣಿಸುವ ಕವಿಗೂ ಅವಸರವಿಲ್ಲ. ಆದರೆ ಈ ಸುಖವು ಮುಂದುವರಿಯುವುದಿಲ್ಲ. ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಸಂಗಮನಾಥನೇ ಆಜ್ಞಾಪಿಸುವನು. ಬಸವನು ತಾಯನ್ನಗಲುವ ಶಿಶುವಿನಂತೆ ದುಃಖಿಸುವನು. ಆಗ ವೃಷಭನ ಮುಖದಿಂದ ಅವನಿಗೆ ಲಿಂಗವು ದೊರೆಯುವುದು. ಅದನ್ನು ಧರಿಸಿ ಅವನು ರಾಜಧಾನಿಗೆ ಹೊರಡುವನು.

ಇದನ್ನು ಕೇವಲ ಪವಾಡವೆಂದು ಓದಿ ಮುಂದೆ ಹೋಗಬಾರದು. ಏಕಾಂತವನ್ನು ಬಿಟ್ಟು ಭಂಡಾರದ ಲೆಕ್ಕಕ್ಕೂ ಅರಮನೆಯ ಗದ್ದಲಕ್ಕೂ ಹೋಗಬೇಕಾದವನಿಗೆ ದೇವರು ಕೊಟ್ಟದ್ದು ಒಯ್ಯಬಹುದಾದ ಒಂದು ಏಕಾಂತವನ್ನು. ಸಂಗಮದ ಗುಡಿಯು ಅಂಗೈಯಷ್ಟಾಗಿ ಅವನೊಡನೆ ನಡೆಯಿತು. ಇಷ್ಟಲಿಂಗದ ತತ್ತ್ವವನ್ನು ಶಾಸ್ತ್ರಗಳು ಬೇರೆ ಬೇರೆ ರೀತಿಯಾಗಿ ವಿವರಿಸುವುವು. ಆದರೆ ಕಾವ್ಯದೃಷ್ಟಿಯಿಂದ ನೋಡಿದಾಗ, ಕೆಲಸದ ನಡುವೆ ದೇವರಿಗಾಗಿ ಹೊತ್ತನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಹರಿಹರನು ಕೊಟ್ಟ ಉತ್ತರವು ಇದೇ ಆಗಿದೆ. ಮಹಾಮನೆಯಲ್ಲಿ ಪೂಜೆಗೆ ಕುಳಿತ ಬಸವಣ್ಣನವರ ಕೈಯಲ್ಲಿದ್ದುದು ಅಂದು ಸಂಗಮದಲ್ಲಿ ಪಡೆದ ಆ ಏಕಾಂತವೇ ಎಂದು ತಿಳಿದರೆ, ಅವರು ತಟ್ಟನೆ ಏಳದಿದ್ದುದರ ಕಾರಣವೂ, ಎದ್ದು ಬಂದುದರ ಮಹತ್ತ್ವವೂ ಒಟ್ಟಿಗೆ ತಿಳಿಯುವುವು.

ಎದುರು ಪಕ್ಷದವರು ಆಯ್ದಕ್ಕಿ ಮಾರಯ್ಯನವರ ಪ್ರಸಿದ್ಧ ವಚನವನ್ನು ಮುಂದಿಡಬಹುದು. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮದ ಹಂಗನ್ನೂ ಹರಿಯಬೇಕು ಎಂಬುದು ಅದರ ತಾತ್ಪರ್ಯ. ಆದರೆ ಈ ಮಾತನ್ನು ಅಕ್ಷರಶಃ ವಿಧಿಯೆಂದು ಗ್ರಹಿಸಿದರೆ ಬಾಗಿಲ ಪ್ರಸಂಗಕ್ಕೇ ಬಾಧಕ ಬರುವುದು. ಅಲ್ಲಿ ಜಂಗಮಕ್ಕಾಗಿ ಏಳಬೇಕೆಂದಿದೆ, ಇಲ್ಲಿ ಜಂಗಮಕ್ಕಾಗಿಯೂ ಏಳಬೇಕಾಗಿಲ್ಲವೆಂದಿದೆ. ಒಂದೇ ಸಂಪ್ರದಾಯದ ಎರಡು ಮಾತುಗಳು ಹೀಗೆ ವಿರೋಧಿಸುವಂತೆ ಕಂಡಾಗ, ಎರಡಕ್ಕೂ ಸಮಾನವಾದ ಆಶಯವನ್ನು ಹುಡುಕುವುದು ವಿಮರ್ಶಕನ ಕರ್ತವ್ಯ. ಆ ಆಶಯವು ಅಖಂಡವಾದ ನಿಷ್ಠೆಯೇ. ಮಾರಯ್ಯನವರು ತಮ್ಮ ವಚನದಲ್ಲಿ ಲಿಂಗವನ್ನೂ ಕಾಯಕದ ಒಳಗೆ ತಂದಿರುವರೇ ಹೊರತು ಲಿಂಗವನ್ನು ಕೈಬಿಟ್ಟಿಲ್ಲ. ಹುಲ್ಲು ಕೊಯ್ಯುತ್ತಿದ್ದಾಗ ಲಿಂಗವು ಜಾರಿಬಿದ್ದರೂ ಕೆಲಸವನ್ನು ನಿಲ್ಲಿಸದ ನುಲಿಯ ಚಂದಯ್ಯನವರ ಕಥೆಯಲ್ಲಿಯೂ ಇದೇ ಭಾವವಿದೆ. ಮುಂದೆ ಲಿಂಗವೇ ಅವರನ್ನು ಹಿಂಬಾಲಿಸಿತೆಂಬುದನ್ನು ಬಿಟ್ಟು ಆ ಕಥೆಯನ್ನು ಹೇಳಬಾರದು. ಅರೆಮನಸ್ಸಿನ ಪೂಜೆಯನ್ನು ಶರಣರು ಹೇಗೆ ಒಪ್ಪರೋ ಹಾಗೆಯೇ ಅರೆಮನಸ್ಸಿನ ದುಡಿಮೆಯನ್ನೂ ಒಪ್ಪರು.

ಇಲ್ಲಿ ಇನ್ನೊಂದು ವಿಷಯವನ್ನೂ ಗಮನಿಸತಕ್ಕದ್ದು. ವಚನಗಳು ೧೨ನೆಯ ಶತಮಾನದವು. ಅವನ್ನು ಪ್ರಸಂಗಗಳಾಗಿ ಹೆಣೆದ ಶೂನ್ಯಸಂಪಾದನೆಯು ಶಿವಗಣಪ್ರಸಾದಿ ಮಹಾದೇವಯ್ಯನವರಿಂದ ೧೫ನೆಯ ಶತಮಾನದಲ್ಲಿ ಮೊದಲು ರೂಪುಗೊಂಡಿತು. ಅನಂತರ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಆದುದರಿಂದ ಬಾಗಿಲ ಪ್ರಸಂಗವನ್ನು ಚರಿತ್ರೆಯ ದಿನಚರಿಯಂತೆ ಓದುವುದು ಸರಿಯಲ್ಲ. ಅದು ವಚನಗಳಿಗೆ ಸಂಪಾದಕರು ಬರೆದ ಒಂದು ಭಾಷ್ಯ. ಆ ಕಾರಣದಿಂದಲೇ ವಿಮರ್ಶೆಯ ದೃಷ್ಟಿಯಿಂದ ಬೆಲೆಯುಳ್ಳದ್ದು. ಭಕ್ತಿಗೆ ಅಂಟುವ ಸೂಕ್ಷ್ಮವಾದ ದೋಷವನ್ನು ತೋರಿಸಬೇಕಾದಾಗ ಅವರು ಆಯ್ದುಕೊಂಡದ್ದು ಡಾಂಭಿಕನನ್ನಲ್ಲ, ಭಕ್ತರಲ್ಲಿ ಅಗ್ರಗಣ್ಯರಾದವರನ್ನು. ಪೂಜೆಯೇ ನಿರರ್ಥಕವೆಂದು ಹೇಳುವುದು ಅವರ ಇಷ್ಟವಾಗಿದ್ದರೆ ಇಂತಹ ಪಾತ್ರವು ಬೇಕಿರಲಿಲ್ಲ.

ಈ ವಿಚಾರವು ಪಾಠಶಾಲೆಯ ಹೊರಗೂ ಪ್ರಯೋಜನವುಳ್ಳದ್ದು. ಶರಣರ ಧರ್ಮವನ್ನು ದುಡಿಮೆಯ ಧರ್ಮವೆಂದಷ್ಟೇ ಕಲಿಸಿದರೆ, ಬಸವಣ್ಣನವರ ವಚನರಾಶಿಯಲ್ಲಿ ಬಹುಭಾಗವು ವಿದ್ಯಾರ್ಥಿಗೆ ಅರ್ಥವಾಗದೆ ಉಳಿಯುವುದು. ಕೂಡಲಸಂಗಮದೇವರನ್ನು ಕರೆದು, ತಮ್ಮ ಚಂಚಲವಾದ ಮನಸ್ಸಿಗಾಗಿ ಕೊರಗುವ ಆ ವಚನಗಳು ಸಭೆಗೆ ಹೇಳಿದ ನೀತಿಗಳಲ್ಲ. ರಾಜಕಾರ್ಯದ ನಡುವೆ ಬಿಡುವು ಮಾಡಿಕೊಂಡು ಒಬ್ಬರೇ ಕುಳಿತವರ ನುಡಿಗಳು. ಅವುಗಳಲ್ಲಿ ಕೇಳುವವನು ದೇವರೊಬ್ಬನೇ. ಓದುವ ನಾವು ಮರೆಯಲ್ಲಿ ನಿಂತು ಕೇಳಿಸಿಕೊಂಡವರು. ಆ ಬಿಡುವಿಲ್ಲದಿದ್ದರೆ ಆ ನುಡಿಗಳಿಲ್ಲ. ಆ ನುಡಿಗಳಿಲ್ಲದಿದ್ದರೆ ಮಹಾಮನೆಯ ದಾಸೋಹಕ್ಕೆ ಬೇರಿಲ್ಲ.

ಆದುದರಿಂದ ಬಾಗಿಲ ಪ್ರಸಂಗದ ತಾತ್ಪರ್ಯವನ್ನು ಹೀಗೆ ಸಂಗ್ರಹಿಸಬಹುದು. ಪೂಜೆಗೆಂದು ಹೊತ್ತನ್ನು ಮೀಸಲಿಡುವುದು ಅವಶ್ಯ. ಆ ಹೊತ್ತು ತನ್ನದೆಂದು ಬಾಗಿಲು ಮುಚ್ಚಿಕೊಳ್ಳುವುದು ದೋಷ. ಒಳಗೆ ಕುಳಿತಾಗ ಕಂಡ ದೇವರನ್ನು ಬಾಗಿಲಲ್ಲಿ ನಿಂತವರಲ್ಲಿಯೂ ಗುರುತಿಸಬಲ್ಲವನ ಏಕಾಂತವು ಸಾರ್ಥಕ. ಬಸವಣ್ಣನವರು ಪೂಜೆಯಿಂದೆದ್ದು ಹೊರಗೆ ಬಂದಾಗ ಆ ಪೂಜೆಯು ಮುರಿಯಲಿಲ್ಲ, ಮುಗಿಯಿತು.